ಕಾತ್ರಜದ ಕೆರೆ, ಕಾತ್ರಜದ ಸೊಳ್ಳೆ

ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಪುಣೆಗೆ ಬಂದವರಿಗೆಲ್ಲ ಕಾತ್ರಜದ ಹೆಸರು ಗೊತ್ತೇ ಇರುತ್ತದೆ. ಬೆಳಗಿನ ಜಾವ ಬಸ್ಸು ಸುರಂಗ ದಾಟಿ ಇಳಿಜಾರಿಗೆ ಹೊರಳಿದ ಕೂಡಲೇ ಕೆಳಗೆ ಊರಿನ ದೀಪಗಳು ಕಾಣುತ್ತವೆ, ಕಂಡಕ್ಟರು “ಕಾತ್ರಜ, ಯಾರ್ರೀ ಕಾತ್ರಜ?” ಎಂದು ಕೂಗುತ್ತಾನೆ, ಅರ್ಧ ಬಸ್ಸು ರೊಟ್ಟಿ ಗಂಟು, ಉಪ್ಪಿನಕಾಯಿ ಡಬ್ಬ ಹುಡುಕುತ್ತ ಎದ್ದು ನಿಲ್ಲುತ್ತದೆ. ನಮ್ಮ ಕಡೆಯವರಿಗೆ ಪುಣೆಯ ಹೆಬ್ಬಾಗಿಲೆಂದರೆ ಇದೇ. ಆದರೆ ಹೆಚ್ಚಿನವರು ಇಳಿದು ರಿಕ್ಷಾ ಹತ್ತುವವರೇ ಹೊರತು ಕಾತ್ರಜವನ್ನು ನೋಡಲೆಂದು ನಿಲ್ಲುವವರು ಕಡಿಮೆ. ಇಪ್ಪತ್ತಾರು ವರ್ಷಗಳಿಂದ ಇಲ್ಲೇ ಸಂಸಾರ ಹೂಡಿರುವ ನಾನು ನಿಮ್ಮನ್ನು ಒಂದು ಗಳಿಗೆ ನಿಲ್ಲಿಸಿಕೊಳ್ಳಬೇಕೆಂದಿದ್ದೇನೆ. ನೋಡಿಸಬೇಕೆಂದಿರುವುದರಲ್ಲಿ ಒಂದು ದೊಡ್ಡದು, ಕೆರೆ. ಇನ್ನೊಂದು ಬಹಳ ಚಿಕ್ಕದು, ಸೊಳ್ಳೆ. ನಗಬೇಡಿ!

ಮೊದಲು ಕೆರೆ. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ನಾನಾಸಾಹೇಬ ಪೇಶ್ವೆ, ಅಂದರೆ ಬಾಳಾಜಿ ಬಾಜೀರಾಯ, ಬೆಟ್ಟದ ಬುಡದಲ್ಲಿ ಹಳ್ಳಕ್ಕೆ ಕಲ್ಲಿನ ಒಡ್ಡು ಹಾಕಿಸಿ ಇಲ್ಲಿ ನೀರು ನಿಲ್ಲಿಸಿದ. ಕೆರೆ ಒಂದಲ್ಲ, ಎರಡು. ಮೇಲಿನದರಲ್ಲಿ ಹೂಳು ತಂಗಿ ತಿಳಿಯಾದ ನೀರು ಕೆಳಗಿನದಕ್ಕೆ ಇಳಿಯುವ ಏರ್ಪಾಡು. ಅಲ್ಲಿಂದ ನೆಲದೊಳಗಿನ ಕಟ್ಟಡದ ಕಾಲುವೆಯಲ್ಲಿ, ಯಾವ ಪಂಪೂ ಇಲ್ಲದೆ ಬರೀ ಇಳಿಜಾರಿನ ಬಲದಿಂದ, ನೀರು ಸುಮಾರು ಹತ್ತು ಕಿಲೋಮೀಟರ್ ದೂರದ ಶನಿವಾರವಾಡೆಗೂ ಪೇಟೆಗಳ ಹೌದುಗಳಿಗೂ ಹೋಗುತ್ತಿತ್ತು. ಹೌದು ಎಂದರೆ ಮರಾಠಿಯಲ್ಲಿ ನೀರಿನ ತೊಟ್ಟಿ. ಕಾಲುವೆ ಕೆಲವು ಕಡೆ ಆಳೆತ್ತರ ಇದೆ. ಗಾಳಿಯಾಡಲು, ಒಳಗಿಳಿದು ಶುಚಿ ಮಾಡಲು ಅಲ್ಲಲ್ಲಿ ಬಾವಿಯಂಥ ಬಾಯಿಗಳಿವೆ. ಅವಕ್ಕೆ ಇಲ್ಲಿಯವರು ಉಚ್ಛ್ವಾಸ ಎನ್ನುತ್ತಾರೆ. ಎಷ್ಟು ಚೆಂದದ ಹೆಸರು, ಕಾಲುವೆಯೂ ಉಸಿರಾಡುತ್ತದೆ ಎಂಬಂತೆ! ಈಗ ಕೆಳಗಿನ ಕೆರೆಯ ಪಕ್ಕದಲ್ಲೇ ರಾಜೀವ್ ಗಾಂಧಿ ಪ್ರಾಣಿಸಂಗ್ರಹಾಲಯ ಇದೆ. 1986ರಲ್ಲಿ ಇಲ್ಲಿ ಮೊದಲು ಬಂದದ್ದು ಹಾವುಗಳು. ಆಮೇಲೆ ಹಳೆಯ ಪೇಶ್ವೆ ಪಾರ್ಕಿನ ಹುಲಿ, ಸಿಂಹ, ಕರಡಿಗಳೂ ಇಲ್ಲಿಗೇ ಬಿಡಾರ ಬದಲಿಸಿದವು. ಮಕ್ಕಳನ್ನು ಕರೆದುಕೊಂಡು ಬರುವವರು ಬುಧವಾರ ಬಿಟ್ಟು ಬನ್ನಿ, ಅಂದು ರಜೆ.

ಇನ್ನು ಸೊಳ್ಳೆ. ಇದನ್ನು ನನಗೆ ನೋಡಲು ಕಲಿಸಿದವಳು ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿರುವ ಚಿತ್ರದುರ್ಗದ ಕಡೆಯ ಹುಡುಗಿ. ಪುಣೆಯ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಹೆಸರು ಹಾಕಬೇಡಿ ಆಂಟಿ ಎಂದಿದ್ದಾಳೆ, ಹಾಕುವುದಿಲ್ಲ. ವಿಷಯ ಏನಮ್ಮಾ ಎಂದು ಮೊದಲ ದಿನ ಕೇಳಿದಾಗ “ಸೊಳ್ಳೆಗಳಲ್ಲಿ ಜೀನ್ ಎಕ್ಸ್‌ಪ್ರೆಶನ್” ಎಂದಳು. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಎಕ್ಸ್‌ಪ್ರೆಶನ್ ಎಂದರೆ ಕವಿಯದ್ದು, ನಟನದ್ದು. ಸೊಳ್ಳೆ ಏನನ್ನು ಅಭಿವ್ಯಕ್ತಿಸೀತು? ಆದರೆ ಅವಳು ಬಿಡಿಸಿ ಹೇಳಿದ ಮೇಲೆ, ಅಡುಗೆಮನೆ ನಡೆಸುವವರಿಗೆ ಇದಕ್ಕಿಂತ ಸುಲಭವಾಗಿ ಅರ್ಥವಾಗುವ ವಿಜ್ಞಾನ ಇನ್ನೊಂದಿಲ್ಲ ಎನಿಸಿತು.

ನಿಮ್ಮ ಮನೆಯಲ್ಲಿ ಒಂದು ದಪ್ಪನೆಯ ಪಾಕಪುಸ್ತಕ ಇದೆ ಎನ್ನಿ. ಅದರಲ್ಲಿ ಹೋಳಿಗೆಯೂ ಇದೆ, ಹುಳಿಯೂ ಇದೆ, ಕಷಾಯವೂ ಇದೆ. ಎಲ್ಲವನ್ನೂ ಎಲ್ಲ ದಿನವೂ ಮಾಡುತ್ತೀರಾ? ಇಲ್ಲ. ಯುಗಾದಿಗೆ ಒಂದು ಪುಟ ತೆರೆಯುತ್ತದೆ, ಮನೆಯಲ್ಲಿ ನೆಗಡಿಯಾದರೆ ಇನ್ನೊಂದು ಪುಟ. ಜೀವಕೋಶವೂ ಹಾಗೆಯೇ. ಡೆಂಗ್ಯೂ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಯ ಪುಸ್ತಕದಲ್ಲಿ ಪ್ರೋಟೀನು ಮಾಡುವ ಪುಟಗಳೇ ಸುಮಾರು 14,600 ಇವೆ. ಆ ಪುಸ್ತಕ ಅದರ ಕಣ್ಣಿನ ಕೋಶದಲ್ಲೂ ಒಂದೇ, ಕರುಳಿನ ಕೋಶದಲ್ಲೂ ಒಂದೇ. ಯಾವ ಪುಟ ಯಾವಾಗ ತೆರೆಯಿತು, ಎಷ್ಟು ಪ್ರತಿ ಬರೆದುಕೊಂಡಿತು ಎನ್ನುವುದೇ ವ್ಯತ್ಯಾಸ. ಹಾಗೆ ಬರೆದುಕೊಂಡ ಚೀಟಿಯ ಹೆಸರು ಆರ್.ಎನ್.ಎ. ಸೊಳ್ಳೆಯನ್ನು ತಣ್ಣಗೆ ಮರಗಟ್ಟಿಸಿ, ಅರೆದು, ಆ ಚೀಟಿಗಳನ್ನು ಬೇರ್ಪಡಿಸಿ ಎಣಿಸುವುದೇ ಇವಳ ಕಸುಬು. ಚೀಟಿ ಬಹಳ ನಾಜೂಕು, ನಮ್ಮ ಬೆರಳು ತಾಗಿದರೂ ಕೆಡುತ್ತದಂತೆ. ಆದ್ದರಿಂದ ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಶೀತದ ಪೆಟ್ಟಿಗೆಯಲ್ಲಿ ಇಡುತ್ತಾರೆ.

ಈ ಸೊಳ್ಳೆಗಳನ್ನು ಸಾಕುವ ಬಗೆ ಕೇಳಿದರೆ ನಿಮಗೆ ಬಾಣಂತಿಕೋಣೆಯೇ ನೆನಪಾದೀತು. 27-28 ಡಿಗ್ರಿ ಬೆಚ್ಚಗಿನ ಕೋಣೆ, ಸದಾ ತೇವ, ಗಂಟೆ ನೋಡಿ ದೀಪ ಹಾಕಿ ಆರಿಸುವುದು. ಮರಿಹುಳುಗಳಿಗೆ ನಾಯಿ ಬಿಸ್ಕತ್ತು, ಯೀಸ್ಟ್ ಪುಡಿ. ದೊಡ್ಡವಾದ ಮೇಲೆ ಹತ್ತಿಯಲ್ಲಿ ಅದ್ದಿದ ಸಕ್ಕರೆ ನೀರು. ಗಂಡಿಗೆ ಜೀವಮಾನವೆಲ್ಲ ಅದೇ ಸಾಕು, ಅದು ಕಚ್ಚುವುದೇ ಇಲ್ಲ. ಹೆಣ್ಣಿಗೂ ಹೊಟ್ಟೆಗೆ ಸಕ್ಕರೆ ನೀರೇ ಸಾಕು. ರಕ್ತ ಬೇಕಾಗುವುದು ಮೊಟ್ಟೆಗೆ. (ನಮ್ಮ ಯಜಮಾನರು ಇದನ್ನು ಕೇಳಿ ಒಂದು ಮಾತು ಹೇಳಿದರು, ಇಲ್ಲಿ ಬರೆಯುವಂಥದ್ದಲ್ಲ.)

ಹೆಣ್ಣು ರಕ್ತ ಹೀರಿದ ಮೇಲೆ ಅದರೊಳಗೆ ನಡೆಯುವುದು ಒಂದು ದೊಡ್ಡ ಮದುವೆ ಮನೆಯ ಅಡುಗೆ. ತನ್ನ ಮೈತೂಕಕ್ಕೂ ಮಿಕ್ಕಿದ ರಕ್ತ ಹೊಟ್ಟೆಯಲ್ಲಿದೆ. ಮೊದಲ ಕೆಲವು ಗಂಟೆ ಒಂದು ಬಗೆಯ ಟ್ರಿಪ್ಸಿನ್, ಅಂದರೆ ಪ್ರೋಟೀನು ಜೀರ್ಣಿಸುವ ರಸ. ಆಮೇಲೆ ಅದು ನಿಂತು ಇನ್ನೊಂದು ಬಗೆಯ ಟ್ರಿಪ್ಸಿನ್‌ನ ಪುಟ ತೆರೆಯುತ್ತದೆ. ಇತ್ತ ಹಾರ್ಮೋನಿನ ಸಂದೇಶ ಹೋಗಿ, ಕೊಬ್ಬಿನ ಅಂಗದಲ್ಲಿ ಮೊಟ್ಟೆಯ ಹಳದಿಯ ಪ್ರೋಟೀನು ತಯಾರಾಗತೊಡಗುತ್ತದೆ. ಸುಮಾರು ಒಂದು ದಿನಕ್ಕೆ ಅದು ಶಿಖರಕ್ಕೇರಿ, ಮರುದಿನದ ಹೊತ್ತಿಗೆ ಇಳಿದುಬಿಡುತ್ತದೆ. ಮೂರನೆಯ ದಿನಕ್ಕೆಲ್ಲ ಮೊಟ್ಟೆ ಸಿದ್ಧ. ಅಡುಗೆಯಾದೊಡನೆ ಒಲೆ ಆರಿಸುವ ಇಷ್ಟು ಅಚ್ಚುಕಟ್ಟು ನಮ್ಮ ಕೇಟರಿಂಗ್‌ನವರಿಗೆ ಬರಬೇಕು! 2001ರಲ್ಲಿ ಮಲೇರಿಯಾ ಹರಡುವ ಆಫ್ರಿಕಾದ ಸೊಳ್ಳೆಯಲ್ಲಿ ಇನ್ನೊಂದು ಸಂಗತಿ ಕಂಡುಬಂತು. ಹೆಣ್ಣಿನ ಮೀಸೆಯಲ್ಲಿ ಮಾತ್ರ ಇರುವ ಒಂದು ವಾಸನೆಯ ಗ್ರಾಹಕ ಪ್ರೋಟೀನಿನ ಚೀಟಿಗಳು ರಕ್ತದೂಟವಾದ ಹನ್ನೆರಡು ಗಂಟೆಗೆ ಕಡಿಮೆಯಾಗಿಬಿಟ್ಟಿದ್ದವು. ಊಟವಾದ ಮೇಲೆ ನಮಗೂ ಸಾರಿನ ವಾಸನೆ ಬೇಡವಲ್ಲ, ಹಾಗೆ.

ನಮ್ಮ ಹುಡುಗಿಗೆ ಬಹಳ ಮೆಚ್ಚಿನದು ಕೆನ್ಯಾದ ರಬಾಯಿ ಎಂಬಲ್ಲಿಯ ಕಥೆ. ಅಲ್ಲಿ ಈಡಿಸ್ ಸೊಳ್ಳೆಯ ಎರಡು ಕುಲ ಅಕ್ಕಪಕ್ಕದಲ್ಲೇ ಇವೆ. ಒಂದು ಕಾಡಿನದು, ಪ್ರಾಣಿಗಳನ್ನು ಕಚ್ಚುತ್ತದೆ. ಇನ್ನೊಂದು ಮನೆಯೊಳಗಿನದು, ಮನುಷ್ಯರನ್ನೇ ಅರಸುತ್ತದೆ. 2014ರಲ್ಲಿ ಇವೆರಡನ್ನೂ ಹೋಲಿಸಿ ನೋಡಿದಾಗ, ಮನುಷ್ಯನ ಮೈವಾಸನೆಯಲ್ಲಿರುವ ಸಲ್ಕಟೋನ್ ಎಂಬ ವಸ್ತುವನ್ನು ಗ್ರಹಿಸುವ ಓಆರ್4 ಎಂಬ ಜೀನು ಮನೆಯ ಸೊಳ್ಳೆಯಲ್ಲಿ ಹೆಚ್ಚು ಜೋರಾಗಿ ಕೆಲಸ ಮಾಡುತ್ತಿತ್ತು. ನಾವು ನೀರು ತುಂಬಿಟ್ಟೆವು, ಅದು ನಮ್ಮ ಜಗಲಿಗೆ ಬಂತು, ಬಂದ ಮೇಲೆ ನಮ್ಮ ಬೆವರೇ ಅದಕ್ಕೆ ಪರಿಮಳವಾಯಿತು.

ಇಂಥದ್ದು ಕೆನ್ಯಾದಲ್ಲೇ ಏಕೆ, ನಮ್ಮ ಮೈಸೂರಿನ ಹೆಸರೇ ಹೊತ್ತ ಸೊಳ್ಳೆ ಇದೆ ಗೊತ್ತೇ? ಊರುಗಳಲ್ಲಿ ಬಾವಿ, ತೊಟ್ಟಿ, ಮಾಳಿಗೆಯ ಟ್ಯಾಂಕುಗಳಲ್ಲಿ ಬೆಳೆದು ಮಲೇರಿಯಾ ಹರಡುವ ಸೊಳ್ಳೆ ಅನಾಫಿಲಿಸ್ ಸ್ಟೀಫನ್ಸಿ. 1937ರಲ್ಲಿ ಸ್ವೀಟ್ ಮತ್ತು ಬಿ.ಎ. ರಾವ್ ಎಂಬಿಬ್ಬರು ಅದರ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಪಕ್ಕದ ತೇಲುಬುರುಡೆಯ ಮೇಲಿನ ಗೆರೆಗಳನ್ನು ಎಣಿಸಿ, ಇದರಲ್ಲಿ ಬೇರೆ ಬೇರೆ ಬಗೆಗಳಿವೆ ಎಂದರು. ಕಡಿಮೆ ಗೆರೆಯದಕ್ಕೆ ಮೈಸೂರೆನ್ಸಿಸ್ ಎಂದು ಹೆಸರಿಟ್ಟರು. ಅದು ಹೆಚ್ಚಾಗಿ ಹಳ್ಳಿಯದು, ದನಕರುಗಳನ್ನು ಕಚ್ಚಿಕೊಂಡಿರುವ ಸಾಧು. ರೋಗ ಹರಡುವುದರಲ್ಲಿ ಪಟ್ಟಣದ ಅಣ್ಣನಷ್ಟು ಜೋರಿಲ್ಲ. ಅಂದು ಗೆರೆ ಎಣಿಸಿದ ಕೆಲಸವನ್ನೇ ಇಂದು ಜೀನು ಎಣಿಸಿ ಮಾಡುತ್ತಾರೆ. ಬೆಂಗಳೂರಿನ ಐಬಿಎಬಿ, ಟಿಗ್ಸ್ ಎಂಬ ಸಂಸ್ಥೆಗಳವರು 2022ರಲ್ಲಿ ನಡುವಿನ ಬಗೆಯ ಸೊಳ್ಳೆಯ ಇಡೀ ಪುಸ್ತಕವನ್ನು ಓದಿ ಪ್ರಕಟಿಸಿದ್ದಾರೆ. ಈ ಸ್ಟೀಫನ್ಸಿ 2012ರಲ್ಲಿ ಆಫ್ರಿಕಾದ ಜಿಬೂತಿಯಲ್ಲಿ ಕಾಣಿಸಿಕೊಂಡು, ಅಲ್ಲಿಂದ ಮುಂದೆ ಇಥಿಯೋಪಿಯಾಕ್ಕೂ ಕಾಲಿಟ್ಟಿದೆ. ಆದ್ದರಿಂದ ನಮ್ಮ ತೊಟ್ಟಿ ಸೊಳ್ಳೆಯ ಮೇಲೆ ಈಗ ಜಗತ್ತಿನ ಕಣ್ಣಿದೆ.

ಬೆಂಗಳೂರಿನ ಮಾತು ಬಂದಾಗ ರೊನಾಲ್ಡ್ ರಾಸ್ ನೆನಪಾಗುತ್ತಾನೆ. ಮಲೇರಿಯಾದ ಗುಟ್ಟು ಅವನಿಗೆ ಸಿಕ್ಕಿದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಆದರೆ ಅದಕ್ಕೂ ಮೊದಲು, 1883ರಲ್ಲಿ, ಬೆಂಗಳೂರಿನ ದಂಡಿನಲ್ಲಿ ಡಾಕ್ಟರನಾಗಿದ್ದಾಗ ತನ್ನ ಬಂಗಲೆಯ ಹೊರಗಿನ ನೀರಿನ ಪೀಪಾಯಿಯಲ್ಲಿ ಸೊಳ್ಳೆಮರಿ ಕುಣಿಯುವುದನ್ನು ಕಂಡು ನೀರು ಚೆಲ್ಲಿಸಿದನಂತೆ. ಕೋಣೆಯಲ್ಲಿ ಸೊಳ್ಳೆ ಕಡಿಮೆಯಾಯಿತಂತೆ. ಉಳಿದ ಕಡೆಯೂ ಹೀಗೆ ಮಾಡೋಣ ಎಂದರೆ ದಂಡಿನ ಅಧಿಕಾರಿ ಒಪ್ಪಲಿಲ್ಲವಂತೆ. ನಮ್ಮ ಸೊಸೈಟಿಯ ಮೀಟಿಂಗಿಗೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ. (ರಾಸ್ ಕವಿಯೂ ಆಗಿದ್ದ, ತನ್ನ ಶೋಧದ ಮೇಲೇ ಪದ್ಯ ಬರೆದ. ನಮ್ಮ ಕಾಲೇಜಿನಲ್ಲಿ ಅವನನ್ನು ಕಲಿಸಲಿಲ್ಲ.)

ಪುಣೆಗೂ ಸೊಳ್ಳೆಗೂ ಇರುವ ನಂಟು ಹೇಳದಿದ್ದರೆ ಈ ಲೇಖನ ಅರ್ಧವೇ. ಕಾತ್ರಜದಿಂದ ಬೈಪಾಸು ಹಿಡಿದು ವಾರಜೆ, ಚಾಂದನಿ ಚೌಕ ದಾಟಿದರೆ ಪಾಷಾಣ. ಅಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯ ಒಂದು ದೊಡ್ಡ ಆವರಣ ಇದೆ, ಎಲ್ಲರ ಬಾಯಲ್ಲೂ ಎನ್.ಐ.ವಿ. 1952ರಲ್ಲಿ ರಾಕ್‌ಫೆಲರ್ ಫೌಂಡೇಶನ್ನಿನ ನೆರವಿನಿಂದ ವೈರಸ್ ಸಂಶೋಧನಾ ಕೇಂದ್ರವೆಂದು ಹುಟ್ಟಿ, 1978ರಲ್ಲಿ ಈಗಿನ ಹೆಸರು ಪಡೆಯಿತು. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಬಂದು ಆ ವೈರಸ್ಸನ್ನು ಹಿಡಿದವರು ಇಲ್ಲಿಯವರೇ. ಅದು ಉಣ್ಣೆಯಿಂದ ಬರುವ ಕಾಯಿಲೆ, ಸೊಳ್ಳೆಯದಲ್ಲ ಬಿಡಿ. ಇದೇ ಕೇಂದ್ರದ ನಿರ್ದೇಶಕರಾಗಿದ್ದ ಟಿ. ರಾಮಚಂದ್ರ ರಾವ್ ಅದಕ್ಕೂ ಮೊದಲು, ಧಾರವಾಡ, ಕಾರವಾರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಡಿ.ಕೆ. ವಿಶ್ವನಾಥನ್ ಅವರ ಜೊತೆ ಅಲ್ಲಿಯ ಹಳ್ಳಿಗಳ ಗೋಡೆಗಳಿಗೆ ಡಿ.ಡಿ.ಟಿ. ಹೊಡೆಸಿ ಮಲೇರಿಯಾ ತಗ್ಗಿಸಿದವರು. 1940ರ ದಶಕದ ಮಾತು. ಶಿರಸಿ ಕಡೆಯ ಹಿರಿಯರು “ಚಳಿಜ್ವರದ ಕಾಲ” ಎನ್ನುವುದನ್ನು ನೀವೂ ಕೇಳಿರಬಹುದು.

ಆದರೆ ನನಗೆ ಎಲ್ಲಕ್ಕಿಂತ ಬೆರಗು ತಂದದ್ದು 1967ರ ಒಂದು ಕೆಲಸ. ಆ ಕೇಂದ್ರದ ಡಾ. ಕೆ.ಆರ್.ಪಿ. ಸಿಂಗ್ ಅವರು ಈಡಿಸ್ ಆಲ್ಬೊಪಿಕ್ಟಸ್, ಈಡಿಸ್ ಈಜಿಪ್ಟೈ ಎಂಬ ಎರಡು ಸೊಳ್ಳೆಗಳ ಮರಿಗಳಿಂದ ಕೋಶಗಳನ್ನು ತೆಗೆದು, ಪೋಷಕ ದ್ರವದಲ್ಲಿ ಇಟ್ಟು, ಅವು ತಾವಾಗಿಯೇ ಒಡೆದು ಬೆಳೆಯುತ್ತ ಹೋಗುವಂತೆ ಮಾಡಿದರು. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಹೆಪ್ಪು ಹಾಕಿದ ಮೊಸರಿನಂತೆ, ಒಂದು ಚಮಚ ಉಳಿಸಿ ಮುಂದಿನದಕ್ಕೆ ಹಾಕುತ್ತ ಹೋದರೆ ಆ ವಂಶಕ್ಕೆ ಕೊನೆಯೇ ಇಲ್ಲ. 1978ರಲ್ಲಿ ಜಪಾನಿನ ಇಗರಾಶಿ ಅದರಿಂದ ಒಂದು ಕವಲನ್ನು ಆರಿಸಿದರು, ಹೆಸರು ಸಿ6/36. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಡೆಂಗ್ಯೂ, ಚಿಕೂನ್‌ಗುನ್ಯಾ ವೈರಸ್ಸನ್ನು ಬೆಳೆಸಬೇಕಾದರೂ ಮೊದಲು ಕೇಳುವುದು ಈ ಕೋಶಗಳನ್ನೇ. ಪುಣೆಯ ಆ ಹೆಪ್ಪು ಐವತ್ತು ವರ್ಷ ದಾಟಿ ಇನ್ನೂ ಜೀವಂತ! ಅದರಲ್ಲಿ ವೈರಸ್ ಅಷ್ಟು ಹುಲುಸಾಗಿ ಏಕೆ ಬೆಳೆಯುತ್ತದೆ ಎಂಬುದು 2010ರಲ್ಲಿ ತಿಳಿಯಿತು. ಸೊಳ್ಳೆಗೂ ತನ್ನದೇ ಒಂದು ಕಾವಲು ಇದೆ, ವೈರಸ್ಸಿನ ಆರ್.ಎನ್.ಎ. ಒಳಗೆ ಬಂದರೆ ಡೈಸರ್-2 ಎಂಬ ಪ್ರೋಟೀನು ಅದನ್ನು ಕತ್ತರಿಸುತ್ತದೆ. ಸಿ6/36ರಲ್ಲಿ ಆ ಕತ್ತರಿ ಕೆಟ್ಟಿದೆ. ನಿಜವಾದ ಸೊಳ್ಳೆಯಲ್ಲಿ ಕತ್ತರಿ ಕೆಲಸ ಮಾಡುತ್ತಲೇ ಇರುತ್ತದೆ, ವೈರಸ್ಸೂ ಇರುತ್ತದೆ, ಸೊಳ್ಳೆ ಸಾಯುವುದಿಲ್ಲ. ಇಬ್ಬರೂ ಒಂದು ಮನೆಯಲ್ಲಿ ಮಾತು ಬಿಟ್ಟ ಅತ್ತೆ-ಸೊಸೆಯಂತೆ ಕಾಲ ಹಾಕುತ್ತಾರೆ.

ಅತ್ತೆ-ಸೊಸೆ ಎಂದೆನಲ್ಲ, ನಮ್ಮ ಮನೆಯದು ಹಾಗಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. 2024ರ ಮಳೆಗಾಲದಲ್ಲಿ ನನ್ನ ಸೊಸೆಗೆ ಐದನೆಯ ತಿಂಗಳು. ಜೂನ್ ಕೊನೆಯಲ್ಲಿ ಎರಂಡವಣೆಯಲ್ಲಿ ಜೀಕಾ ಕಂಡಿತು ಎಂದು ಪತ್ರಿಕೆಗಳಲ್ಲಿ ಬಂತು. 2021ರಲ್ಲೇ ಪುರಂದರ ತಾಲೂಕಿನ ಬೇಲಸರದಲ್ಲಿ ಮಹಾರಾಷ್ಟ್ರದ ಮೊದಲ ಜೀಕಾ ಪತ್ತೆಯಾಗಿತ್ತು, ಆಗ ಯಾರೂ ಅಷ್ಟಾಗಿ ಗಮನಿಸಿರಲಿಲ್ಲ. ಈ ಸಲ ನಗರದಲ್ಲಿ ವರ್ಷಾಂತ್ಯದೊಳಗೆ ನೂರು ದಾಟಿತು, ಅದರಲ್ಲಿ ಬಸುರಿಯರು ಬಹಳ. ಜೀಕಾ ದೊಡ್ಡವರಿಗೆ ಎರಡು ದಿನದ ಜ್ವರ, ನಾಲ್ಕು ಕೆಂಪು ಗಂಧೆ, ಅಷ್ಟೇ. ಹೊಟ್ಟೆಯಲ್ಲಿರುವ ಕೂಸಿಗೆ ಮಾತ್ರ ಅದು ತಲೆಯನ್ನೇ ಬೆಳೆಯಗೊಡದಂತೆ ಮಾಡಬಹುದು. ಜುಲೈ ಎರಡನೆಯ ವಾರ ನನ್ನ ಸೊಸೆಗೆ ಮೈಬೆಚ್ಚಗಾಗಿ ತೋಳಿನ ಮೇಲೆ ಗಂಧೆ ಎದ್ದಿತು. ರಕ್ತ, ಮೂತ್ರ ತೆಗೆದುಕೊಂಡು ಹೋದರು. ಫಲಿತಾಂಶಕ್ಕೆ ಆರು ದಿನ.

ಆ ಆರು ದಿನ ನಾನು ಮನೆಯಲ್ಲಿ ಮಾಡದ ಕೆಲಸವಿಲ್ಲ. ನಮ್ಮ ಕಡೆ ನೀರು ಸಾಲದು, ಟ್ಯಾಂಕರು ಬಂದ ದಿನ ಡ್ರಮ್ಮು, ಬಕೆಟ್ಟು, ಕೊಡ ಎಲ್ಲ ತುಂಬಿಡುವುದೇ ವಾಡಿಕೆ. ಮಾಳಿಗೆಯ ಹುಡುಗಿ ಟಾರ್ಚು ಹಿಡಿದು ಕೆಳಗಿಳಿದು ಬಂದಳು. “ನೀರು ಚೆಲ್ಲಿದರೆ ಸಾಲದು ಆಂಟಿ, ಉಜ್ಜಿ,” ಎಂದಳು. ಈಡಿಸ್ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಅಂಚಿಗೆ ಸ್ವಲ್ಪ ಮೇಲೆ ಒದ್ದೆ ಗೋಡೆಗೆ ಅಂಟಿಸಿ. ಒಣಗಿದರೂ ಅವು ತಿಂಗಳುಗಟ್ಟಲೆ ಬದುಕಿರುತ್ತವೆ, ಮುಂದಿನ ಟ್ಯಾಂಕರಿನ ನೀರು ಮುಟ್ಟಿದ ಕೂಡಲೇ ಒಡೆಯುತ್ತವೆ. ಇಬ್ಬರೂ ಸೇರಿ ತೆಂಗಿನ ನಾರು ಹಿಡಿದು ಹನ್ನೊಂದು ಡ್ರಮ್ಮು ಉಜ್ಜಿದೆವು, ನಮ್ಮವು ಮೂರು, ಉಳಿದವು ನೆರೆಯವರವು. ತುಳಸಿ ಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ಎಲ್ಲದರಲ್ಲೂ ನೋಡಿದೆವು. ಫ್ರಿಜ್ಜಿನ ತಟ್ಟೆಯಲ್ಲಿ ನಾಲ್ಕು ಮರಿ ಇದ್ದವು. ಅವನ್ನು ಅವಳು ಸೀಸೆಯಲ್ಲಿ ಹಾಕಿಕೊಂಡಳು.

ಆರನೆಯ ದಿನ ಸಂಜೆ ಫೋನು ಬಂತು, ಜೀಕಾ ಇಲ್ಲ ಎಂದು. ಆ ಪರೀಕ್ಷೆಯಲ್ಲಿ ಹುಡುಕುವುದು ವೈರಸ್ಸಿನ ಆರ್.ಎನ್.ಎ.ಯನ್ನು, ಅಂದರೆ ನಮ್ಮ ಹುಡುಗಿ ಸೊಳ್ಳೆಯೊಳಗಿನ ಚೀಟಿ ಎಣಿಸುವ ಅದೇ ಜಾತಿಯ ಯಂತ್ರದಿಂದ. ಸೊಸೆ ಆ ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ನವೆಂಬರಿನಲ್ಲಿ ಮೊಮ್ಮಗಳು ಹುಟ್ಟಿದಳು. ಡಾಕ್ಟರು ಟೇಪು ಹಿಡಿದು ತಲೆಯ ಸುತ್ತಳತೆ ತೆಗೆದುಕೊಂಡಾಗ ನಾನು ಆಚೆ ತಿರುಗಿ ನಿಂತಿದ್ದೆ.

ಈಗ ಹುಡುಗಿ ಕಾತ್ರಜದಲ್ಲೇ ಮಾದರಿ ಹಿಡಿಯುತ್ತಿದ್ದಾಳೆ. ಭಾನುವಾರ ಬೆಳಿಗ್ಗೆ ನಾನೂ ಜೊತೆಗೆ ಹೋಗುವುದುಂಟು, ವಾಕಿಂಗೂ ಆಯಿತು. ಅವಳು ಉದ್ದ ಹಿಡಿಯ ಸೌಟಿನಂಥದ್ದು ಹಿಡಿದಿರುತ್ತಾಳೆ. ಕೆರೆಯ ಹತ್ತಿರ ಡೆಂಗ್ಯೂ ಸೊಳ್ಳೆ ಸಿಗುವುದಿಲ್ಲ. ಮೀನಿರುವ ದೊಡ್ಡ ನೀರು ಅದಕ್ಕೆ ಬೇಡ. ಗಲೀಜು ಸೇರುವ ಚರಂಡಿಯ ಬಾಯಲ್ಲಿ ಕ್ಯೂಲೆಕ್ಸ್ ಮರಿಗಳು ತಲೆಕೆಳಗಾಗಿ ಓರೆಗೆ ಜೋತುಬಿದ್ದಿರುತ್ತವೆ. ಅನಾಫಿಲಿಸ್ ಮರಿಯಾದರೆ ನೀರಿನ ಮಟ್ಟಕ್ಕೆ ಸರಿಯಾಗಿ ಅಡ್ಡ ಮಲಗಿರುತ್ತದೆ. ಇದನ್ನು ನೀವೂ ಬರಿಗಣ್ಣಲ್ಲಿ ಗುರುತಿಸಬಹುದು. ಈಡಿಸ್ ಬೇಕಾದರೆ ಚೌಕದ ಪಂಕ್ಚರ್ ಅಂಗಡಿಗಳ ಹಳೆಯ ಟಾಯರು, ಎಳನೀರಿನ ಬುರುಡೆ, ಕಟ್ಟಡ ಕೆಲಸದ ಸಿಮೆಂಟು ತೊಟ್ಟಿ ನೋಡಬೇಕು. 2024ರ ಸೆಪ್ಟೆಂಬರಿನಲ್ಲಿ ಸ್ವಾರಗೇಟ್-ಕಾತ್ರಜ ಮೆಟ್ರೋಗೆ ಶಂಕುಸ್ಥಾಪನೆಯೂ ಆಗಿದೆ, ತೊಟ್ಟಿಗಳಿಗೆ ಬರ ಬರಲಿಕ್ಕಿಲ್ಲ.

ಅವಳು ಹುಡುಕುತ್ತಿರುವುದು ಇಷ್ಟು. ಬೀದಿಯಲ್ಲಿ ಹೊಗೆ ಬಿಡುವ ಔಷಧಿ, ನಾವು ಗೋಡೆಗೆ ಚುಚ್ಚುವ ಲಿಕ್ವಿಡ್, ಹೆಚ್ಚಾಗಿ ಪೈರೆಥ್ರಾಯ್ಡ್ ಎಂಬ ಒಂದೇ ಕುಲದವು. ದಿನವೂ ಅದರಲ್ಲೇ ಬೆಳೆದ ಸೊಳ್ಳೆಗಳಲ್ಲಿ ವಿಷ ಅರಗಿಸುವ ಪಿ450 ಎಂಬ ಕಿಣ್ವಗಳ ಪುಟ ಸದಾ ತೆರೆದೇ ಇರುವಂತಾಗಬಹುದು. ನರದ ಬಾಗಿಲಿನ ಅಕ್ಷರವೇ ತಿದ್ದಿ ವಿಷ ಅಂಟದಂತಾಗುವುದೂ ಇದೆ, ಅದು ಬೇರೆ. ಹಾಗಾಗಿದ್ದರೆ ಹೊಗೆಯಿಂದ ನಮಗೆ ಕೆಮ್ಮು ಬರುತ್ತದೆ, ಸೊಳ್ಳೆಗೆ ಏನೂ ಆಗುವುದಿಲ್ಲ. ಯಾವ ಬೀದಿಯ ಸೊಳ್ಳೆ ಎಷ್ಟು ಅರಗಿಸುತ್ತದೆ ಎಂದು ತಿಳಿದರೆ ಯಾವ ಔಷಧಿ ಬದಲಾಯಿಸಬೇಕು ಎಂದು ಹೇಳಬಹುದು. ಧನಕವಡಿ, ಬಾಲಾಜಿನಗರ, ಆಂಬೇಗಾಂವ್, ಕಾತ್ರಜ, ಹೀಗೆ ಸೀಸೆಗಳ ಮೇಲೆ ಚೀಟಿ ಅಂಟಿಸಿ ಶೀತದ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ. ಕಾತ್ರಜದ ಪೆಟ್ಟಿಗೆಯಲ್ಲಿ ನಮ್ಮ ಫ್ರಿಜ್ಜಿನ ಹಿಂದಿನ ಆ ನಾಲ್ಕೂ ಇವೆಯಂತೆ. ದೀಪಾವಳಿ ಮುಗಿದ ಮೇಲೆ ಎಣಿಸಲು ಕೂಡುತ್ತಾಳೆ.